ಹನ್ನೆರಡನೆಯ ಬಾಗಿಲು

ಅಂಗಡಿಯ ಬಾಗಿಲ ಮೇಲೆ ತಾನೇ ಬರೆದಿದ್ದ ಬೀಗವನ್ನು ಆವಲಪ್ಪ ಆ ಬೆಳಿಗ್ಗೆ ಎರಡು ಸಲ ಮುಟ್ಟಿ ನೋಡಿದ. ಮೂರು ವರ್ಷದ ಹಿಂದೆ ಬರೆದ ಬೀಗ. ಹಿತ್ತಾಳೆಯ ಮಾಸಲು ಹೊಳಪು, ಕೀಲಿಕೈ ತೂರುವ ಕಂಡಿಯ ಸುತ್ತ ಸವೆದ ಗೆರೆ, ಕೆಳಗೆ ಹಲಗೆಯ ಮೇಲೆ ಬಿದ್ದ ನೆರಳು, ಎಲ್ಲವೂ ಬಣ್ಣವೇ. ಯುದ್ಧ ಶುರುವಾಗಿ ಕಬ್ಬಿಣ ಹಿತ್ತಾಳೆ ಸಿಗದೆ ಹೋದಾಗ ಬರೆದದ್ದು. ಕಳ್ಳರು ಮೋಸಹೋದರೋ ಇಲ್ಲವೋ ಗೊತ್ತಿಲ್ಲ, ಗಿರಾಕಿಗಳು ಮಾತ್ರ ಚೆನ್ನಾಗಿ ಮೋಸಹೋದರು. ಬೋರ್ಡು ಬರೆಸಲು ಬಂದವರು ಬೀಗ ನೋಡಿ, ಒಳಗೆ ಅವನು ಕೆಮ್ಮುತ್ತಿದ್ದರೂ, ತಿರುಗಿ ಹೋಗುತ್ತಿದ್ದರು. ಮುಳಬಾಗಿಲಿನಲ್ಲಿ ಈ ಕಥೆ ಹೇಳಿ ನಗದವರಿಲ್ಲ. ಆವಲಪ್ಪನೂ ನಕ್ಕಿದ್ದ. ಜನರ ಕಣ್ಣು ಎಂಥ ಬಡಪಾಯಿ ಎಂದು ಒಳಗೊಳಗೇ ಹಿಗ್ಗಿದ್ದ. ಇಪ್ಪತ್ತು ವರ್ಷ ನಾಟಕದ ಕಂಪನಿಗೆ ಪರದೆ ಬರೆದು ಅವನು ಸಂಪಾದಿಸಿದ್ದೆಂದರೆ ಈ ಹಿಗ್ಗು ಒಂದೇ. ಆದರೆ ಈ ದಿನ ಬೀಗ ಮುಟ್ಟಿದ್ದು ಬೇರೆ ಕಾರಣಕ್ಕೆ. ತನ್ನ ಕಣ್ಣೂ ಆ ಬಡಪಾಯಿಗಳ ಸಾಲಿಗೆ ಸೇರಿತೇ ಎಂಬ ಅನುಮಾನ, ಪೆಟ್ಟಿಗೆ ತೆರೆದ ಗಳಿಗೆಯಿಂದ ಅವನಿಗೆ ಅಂಟಿಕೊಂಡಿತ್ತು.

ಪೆಟ್ಟಿಗೆಯಲ್ಲಿದ್ದದ್ದು ಹೆಂಡತಿ ಆದಿಲಕ್ಷ್ಮಿಯ ಸೀರೆ. ಅವಳು ತೀರಿಕೊಂಡು ಐದು ವರ್ಷವಾಗಿತ್ತು. ಅವಳದೆಂದು ಉಳಿದದ್ದು ಅದೊಂದೇ, ಮಿಕ್ಕವನ್ನು ಅವಳ ಅಕ್ಕ ತಿಥಿಯ ದಿನವೇ ಯಾರು ಯಾರಿಗೋ ಕೊಟ್ಟುಬಿಟ್ಟಿದ್ದಳು. ಹಸಿರು ಒಡಲು, ಕೆಂಪು ಅಂಚು. ಇದು ಅವನಿಗೆ ಕಂಠಪಾಠವಾಗಿತ್ತು. ಐದು ವರ್ಷದಲ್ಲಿ ಒಮ್ಮೆಯೂ ತೆರೆದು ನೋಡಿರಲಿಲ್ಲ, ನೋಡುವ ಅಗತ್ಯವಿಲ್ಲವೆಂದು ಹೇಳಿಕೊಳ್ಳುತ್ತಿದ್ದ, ಧೈರ್ಯವಿಲ್ಲವೆಂದು ಹೇಳಿಕೊಳ್ಳುವುದಕ್ಕಿಂತ ಅದು ಸುಲಭ. ಈ ಬೆಳಿಗ್ಗೆ ಬಿಚ್ಚಿದರೆ ಒಡಲು ಹಸಿರೇ, ಅಂಚು ಮಾತ್ರ ಹುರುಳಿಕಾಳಿನ ಬಣ್ಣ. ಅವನು ಸೀರೆಯನ್ನು ಕಿಟಕಿಗೆ ಹಿಡಿದ, ಬೀದಿಗೆ ತಂದ, ಎದುರುಮನೆಯವರು ನೋಡಿದರೆಂದು ಮತ್ತೆ ಒಳಗೆ ಒಯ್ದ. ಮಾಸಿರಬಹುದೇನೋ ಎಂದು ಮಡಿಕೆಯ ಒಳಮೈ ಬಿಡಿಸಿ ನೋಡಿದ. ಬಣ್ಣದ ಕೆಲಸದವನಿಗೆ ಅಷ್ಟೂ ಗೊತ್ತಿಲ್ಲವೆ? ಕೆಂಪು ಮಾಸಿದರೆ ಗುಲಾಬಿಯಾಗುತ್ತದೆ, ಹುರುಳಿಯಾಗುವುದಿಲ್ಲ. ಇದು ನೆಯ್ದ ದಿನದಿಂದಲೂ ಹುರುಳಿಯೇ. ಹಾಗಾದರೆ ರಾಯಲ್ಪಾಡಿನ ಗೋಡೆಯ ಮೇಲೆ ತಾನು ಬರೆದದ್ದು ಯಾರ ಸೀರೆ?

ನಿನ್ನೆ ಸಂಜೆ ಕೋದಂಡರಾಮಪ್ಪ ಬಂದು ಕೇಳಿದ್ದೂ ಇದನ್ನೇ. ರಾಯಲ್ಪಾಡಿನಲ್ಲಿ ಮಾವಿನ ತೋಪು, ಹುಣಸೆ ತೋಪು ಇರುವ ಮನುಷ್ಯ, ಸಾಮಾನ್ಯವಾಗಿ ಆಳಿನ ಕೈಲಿ ಹೇಳಿಕಳಿಸುವವನು, ತಾನೇ ಬಸ್ಸು ಹತ್ತಿ ಬಂದಿದ್ದ. ಬಂದವನು ಕೂರಲಿಲ್ಲ. ಒಣಗಲು ಇಟ್ಟ ಬೋರ್ಡುಗಳನ್ನೆಲ್ಲ ಒಂದೊಂದಾಗಿ, ಅವುಗಳಲ್ಲೂ ಏನೋ ಅಡಗಿದೆ ಎನ್ನುವ ಹಾಗೆ ನೋಡಿ, ಆಮೇಲೆ ಬಾಯಿಬಿಟ್ಟ.

"ಆ ಸೀರೆ ಯಾರದಯ್ಯಾ?"

"ಯಾವ ಸೀರೆ ಯಜಮಾನ್ರೆ?"

"ಗೊತ್ತಿಲ್ದಂಗೆ ಆಡ್ಬೇಡ. ನೀನು ಬರೆದ ಬಾಗ್ಲ ಸಂದೀಲಿ ಒಬ್ಳು ನಿಂತವ್ಳಲ್ಲ, ಅವಳ್ದು."

ಆವಲಪ್ಪ ಒಂದು ಕ್ಷಣವೂ ತಡೆಯಲಿಲ್ಲ. ಸುಳ್ಳು ಹೇಳುವವನು ತಡೆಯುತ್ತಾನೆ, ಅವನು ನಿಜ ಹೇಳುತ್ತಿದ್ದೇನೆಂದೇ ತಿಳಿದಿದ್ದ. "ನನ್ನ ಹೆಂಡ್ತೀದು ಯಜಮಾನ್ರೆ. ಐದು ವರ್ಷ ಆಯ್ತು ಹೋಗಿ. ಸೀರೆ ಇನ್ನೂ ಪೆಟ್ಗೇಲೇ ಐತೆ."

"ಹಂಗಾದ್ರೆ ನಾಳೆ ತಗೊಂಡ್ ಬಾ. ನಮ್ಮಮ್ಮನ ಎದುರಿಗೆ ಬಾಗ್ಲ ಪಕ್ಕ ಹಿಡಿದು ನೋಡಾಣ. ಒಂದೇ ಆದ್ರೆ ಸರಿ. ಇಲ್ದಿದ್ರೆ ಶನಿವಾರ ಅವಳನ್ನ ಮಾಲೂರಿಗೆ ಬಿಟ್ಟು ಬರ್ತೀನಿ. ತವರಲ್ಲೇ ಇದ್ಕೊಳ್ಳಿ."

ಅವಳು ಎಂದರೆ ಅವನ ಹೆಂಡತಿ, ರಾಮಲಕ್ಷ್ಮಮ್ಮ. ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ಮಕ್ಕಳಿಲ್ಲದವಳನ್ನು ತವರಿಗೆ ಬಿಟ್ಟು ಬರುವುದೆಂದರೆ ಏನೆಂದು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹೋಗುವಾಗ ಕೋದಂಡರಾಮಪ್ಪ ಬರೆದ ಬೀಗವನ್ನು ಬೆರಳಿನಿಂದ ಕುಟ್ಟಿ, "ಮೋಸದ್ ನನ್ಮಗ" ಎಂದ. ಅಂದದ್ದು ಬೀಗಕ್ಕೋ ತನಗೋ ಎಂದು ಆವಲಪ್ಪ ರಾತ್ರಿಯೆಲ್ಲ ಹೊರಳಾಡಿದ.

ಆ ಬಾಗಿಲೇ ಒಂದು ಪೀಕಲಾಟ. ಕೋದಂಡರಾಮಪ್ಪ ಹಳೆಯ ಮನೆಗೆ ಹೊಸದಾಗಿ ಎರಡು ಅಂಕಣ ಸೇರಿಸಿದಾಗ, ಕಂಬ ತೊಲೆಗಳ ಗಡಿಬಿಡಿಯಲ್ಲಿ ಎಣಿಸಲು ಯಾರಿಗೂ ಹೊಳೆಯಲಿಲ್ಲ. ಗೃಹಪ್ರವೇಶಕ್ಕೆ ಮೂರು ವಾರವಿದೆ ಎನ್ನುವಾಗ ಅವನ ತಾಯಿ ದೊಡ್ಡಮುನಿಯಮ್ಮ, ಕಣ್ಣಿಗೆ ಪೊರೆ ಬಂದ ಮುದುಕಿ, ಗೋಡೆ ಹಿಡಿದುಕೊಂಡು ಮನೆಯೆಲ್ಲ ಸುತ್ತಿ ಬಾಗಿಲುಗಳನ್ನು ಕೈಯಿಂದ ಮುಟ್ಟಿ ಎಣಿಸಿದಳು. ಹನ್ನೊಂದು. ಮನೆಯ ಬಾಗಿಲು ಬೆಸ ಬರಬಾರದು, ಬಂದರೆ ವಂಶ ನಿಲ್ಲುವುದಿಲ್ಲ ಎಂದು ಕೂತುಬಿಟ್ಟಳು. ಇರುವುದೊಂದನ್ನು ಮುಚ್ಚೋಣವೆಂದರೆ, ಪೂಜೆ ಮಾಡಿ ನಿಲ್ಲಿಸಿದ ಬಾಗಿಲು ಮುಚ್ಚುವುದು ಸತ್ತವರ ಮನೆಯ ಕೆಲಸ. ಇನ್ನೊಂದು ಒಡೆಯೋಣವೆಂದರೆ, ನಡುಮನೆಯ ಉಳಿದ ಒಂದೇ ಗೋಡೆಯ ಆಚೆ ದಾಯಾದಿಯ ದನದ ಕೊಟ್ಟಿಗೆ, ಕೋರ್ಟಿನಲ್ಲಿ ವ್ಯಾಜ್ಯ ಬೇರೆ. ಆಗ ಯಾರೋ ಮುಳಬಾಗಿಲಿನ ಬೀಗದ ಆವಲಪ್ಪನ ಹೆಸರು ಹೇಳಿದರು. ಹೊಸ್ತಿಲು ನಿಜವಾದದ್ದೇ ಇಡುವುದು, ಗೋಡೆಗೆ ನಿಜವಾದದ್ದೇ ಒಂದು ಕಬ್ಬಿಣದ ಬಳೆ ಹೊಡೆಯುವುದು, ಮಿಕ್ಕದ್ದು ಬರೆಯುವುದು. ಮುದುಕಿಯ ಕೈಗೆ ಹೊಸ್ತಿಲು, ಬಳೆ, ಬಂದವರ ಕಣ್ಣಿಗೆ ಬಾಗಿಲು. ಶಾಸ್ತ್ರಕ್ಕೆ ಹನ್ನೆರಡು. ಬಂದ ಪುರೋಹಿತರೂ ತಲೆಯಾಡಿಸಿದರು, ದಕ್ಷಿಣೆ ಬಾಗಿಲ ಲೆಕ್ಕದಲ್ಲಿ ಇರಲಿಲ್ಲವಲ್ಲ.

ಮುಚ್ಚಿದ ಬಾಗಿಲು ಬರಿ ಎಂದು ಕೋದಂಡರಾಮಪ್ಪ ಸ್ಪಷ್ಟವಾಗಿ ಹೇಳಿದ್ದ. ಮುಚ್ಚಿದ ಬಾಗಿಲನ್ನು ಯಾರು ಬೇಕಾದರೂ ಬರೆಯುತ್ತಾರೆ ಎಂದು ಆವಲಪ್ಪನ ಕೈ ಕಡಿಯಿತು. ಕೆಲಸವಿಲ್ಲದೆ ಎಷ್ಟು ದಿನದಿಂದ ಎಣ್ಣೆ ಅಂಗಡಿಯ ಬೋರ್ಡು, ಬೀಡಿಯ ಬೋರ್ಡು ಬರೆಯುತ್ತಿದ್ದ ಕೈ. ಕಂಪನಿ ಇದ್ದಾಗ ಕೋಲಾರದಲ್ಲಿ ಅವನು ಬರೆದ ಅರಮನೆಯ ಮೆಟ್ಟಿಲು ಹತ್ತಲು ಹೋಗಿ ರಾಜಪಾರ್ಟಿನವನೇ ಮೂಗು ಜಜ್ಜಿಕೊಂಡಿದ್ದ. ಆ ಕೈ ಸುಮ್ಮನಿರುತ್ತದೆಯೆ? ಎರಡು ರೆಕ್ಕೆಯಲ್ಲಿ ಒಂದನ್ನು ಒಂದು ಗೇಣು ತೆರೆದ. ತೆರೆದ ಮೇಲೆ ಸಂದಿಯಲ್ಲಿ ಏನಾದರೂ ಕಾಣಬೇಕಲ್ಲ, ಕೊಟ್ಟಿಗೆಯ ಕತ್ತಲೆ ಕಂಡರೆ ಚೆನ್ನಾಗಿರುತ್ತದೆಯೆ? ಬೆಳಗಿನ ಬೆಳಕು ಬರೆದ. ಬೆಳಕಿಗೆ ಯಾರಾದರೂ ಅಡ್ಡ ನಿಂತರೆ ತಾನೇ ಅದು ಬೆಳಕೆಂದು ತಿಳಿಯುವುದು? ಕೊನೆಯ ದಿನ, ಮನೆಯವರು ಊಟಕ್ಕೆ ಕೂತಿದ್ದಾಗ, ಅರ್ಧ ಗಂಟೆಯಲ್ಲಿ, ಒಂದು ಸೀರೆಯ ಕೆಂಪು ಅಂಚು, ಅದರ ಒಳಗೆ ಒಂದಿಷ್ಟು ಹಸಿರು ಬರೆದ. ಮುಖವಿಲ್ಲ, ಕೈಯಿಲ್ಲ. ಯಾರೋ ಬಾಗಿಲ ಹಿಂದೆ ಈಗಷ್ಟೇ ಸರಿದುಕೊಂಡರು ಎನ್ನುವಷ್ಟು. ಕೋದಂಡರಾಮಪ್ಪ ಕೈ ತೊಳೆದು ಬಂದು ನೋಡಿ, "ಯಾರಮ್ಮಾ ಅಲ್ಲಿ?" ಎಂದುಬಿಟ್ಟ. ಆಮೇಲೆ ತಾನೇ ಗಹಗಹಿಸಿ ನಕ್ಕು, ಮಾತಾಡಿದ್ದಕ್ಕಿಂತ ಎರಡು ರೂಪಾಯಿ ಹೆಚ್ಚಿಗೆ ಕೊಟ್ಟ. ತಿಂಗಳುಗಟ್ಟಲೆ ಬಂದವರಿಗೆಲ್ಲ ತೋರಿಸಿ ಬೀಗಿದ.

ತಾರಣ ಸಂವತ್ಸರದ ಯುಗಾದಿಯ ದಿನ ಎಲ್ಲ ಕೆಟ್ಟಿತು. ಹಬ್ಬಕ್ಕೆ ಬಂದ ನೆಂಟರಲ್ಲಿ ಒಬ್ಬ, ರಾಮಲಕ್ಷ್ಮಮ್ಮ ಒಬ್ಬಟ್ಟು ತಂದು ಬಡಿಸಿ ತಿರುಗುವಾಗ, ಅವಳ ಸೀರೆಯನ್ನೂ ಗೋಡೆಯನ್ನೂ ನೋಡಿ, "ಏನಪ್ಪ ಕೋದಂಡ, ಒಳಗೂ ನಿನ್ನ ಹೆಂಡ್ತಿ, ಹೊರಗೂ ನಿನ್ನ ಹೆಂಡ್ತಿ! ಬಾಗ್ಲ ಹಿಂದೆ ನಿಂತು ಯಾರಿಗ್ ಕಾಯ್ತಾವ್ಳೆ?" ಅಂದನಂತೆ. ಪಂಕ್ತಿಯೆಲ್ಲ ನಕ್ಕಿತಂತೆ. ಹಸಿರು ಒಡಲು, ಕೆಂಪು ಅಂಚು. ಆ ನಗು ಕೋದಂಡರಾಮಪ್ಪನ ಎದೆಯಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಹನ್ನೆರಡು ದಿನ ಮನೆಯಲ್ಲಿ ಕೆಲಸ ಮಾಡಿದ ಪರಗಂಡಸು, ತನ್ನ ಹೆಂಡತಿಯ ಸೀರೆಯ ಅಂಚನ್ನು ಅಷ್ಟು ಕರಾರುವಾಕ್ಕಾಗಿ ಬರೆಯಬೇಕಾದರೆ ಎಷ್ಟು ಹೊತ್ತು ನೋಡಿರಬೇಕು, ಎಷ್ಟು ಹತ್ತಿರದಿಂದ ನೋಡಿರಬೇಕು, ಅವಳು ಎಷ್ಟು ಹೊತ್ತು ನಿಂತುಕೊಟ್ಟಿರಬೇಕು. ಅನುಮಾನದ ಮನುಷ್ಯನನ್ನು ಆವಲಪ್ಪ ಚೆನ್ನಾಗಿ ಬಲ್ಲ. ತಾನೂ ಆ ಜಾತಿಯವನೇ. ಎಲ್ಲದಕ್ಕೂ ನೆರಳು ಬರೆದು ಬರೆದು, ನೆರಳಿಲ್ಲದ ವಸ್ತು ಕಂಡರೆ ನಂಬಿಕೆ ಬರುವುದಿಲ್ಲ.

ಸೀರೆಯನ್ನು ತೊಡೆಯ ಮೇಲೆ ಹಾಕಿಕೊಂಡು ಅವನು ಕೂತ. ಆದಿಲಕ್ಷ್ಮಿಯನ್ನು ಕೊನೆಯ ಸಲ ನೋಡಿದ್ದು ಹೀಗೆ: ಕಂಪನಿಯ ಗಾಡಿ ಬೀದಿಯಲ್ಲಿ ನಿಂತಿತ್ತು, ಮ್ಯಾನೇಜರು ಕೂಗುತ್ತಿದ್ದ, ಇವನು ಕುಂಚಗಳ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ಹೊರಟಿದ್ದ. ಪರರು ಇದ್ದಾರೆಂದು ಅವಳು ಬಾಗಿಲ ಹಿಂದೆ ನಿಂತಿದ್ದಳು. "ಮೈ ಬೆಚ್ಚಗೈತೆ, ನಾಕು ದಿನ ಬಿಟ್ಟು ಹೋಗ್ಬೌದಲ್ಲ" ಎಂದಿದ್ದಳು, ಬಾಗಿಲ ಹಿಂದಿನಿಂದಲೇ. ಇವನು ತಿರುಗಿ ನೋಡಿದಾಗ ಕಂಡದ್ದು ಸಂದಿಯಲ್ಲಿ ಸರಿಯುತ್ತಿದ್ದ ಅಂಚು. ಅಷ್ಟೇ. ಹದಿನೈದು ದಿನಕ್ಕೆ ಕೋಲಾರಕ್ಕೆ ಸುದ್ದಿ ಬಂತು, ಜ್ವರ ಏರಿದೆ, ತಕ್ಷಣ ಹೊರಡು ಎಂದು. ಮೆಟ್ಟಿಲುಗಳ ಪರದೆ ಮುಗಿದಿರಲಿಲ್ಲ. ಇನ್ನು ಎರಡೇ ದಿನದ ಕೆಲಸ, ಮೆಟ್ಟಿಲ ಮೇಲೆ ಬೀಳುವ ದೀಪದ ನೆರಳು ಒಂದೇ ಬಾಕಿ. ಮುಗಿಸಿ ಹೋಗೋಣ ಎಂದುಕೊಂಡ. ಯಾರೂ ತಡೆದಿರಲಿಲ್ಲ, ಮ್ಯಾನೇಜರು ಕೂಡ ಹೋಗಯ್ಯಾ ಎಂದಿದ್ದ. ಅವನೇ ಹೋಗಲಿಲ್ಲ. ಅವನು ಊರು ತಲಪಿದಾಗ ಬಾಗಿಲಲ್ಲಿ ಹೊಗೆಯಾಡುತ್ತಿತ್ತು, ಬೆಂಕಿಯ ಮಡಕೆ ಹಿಡಿಯುವವನಿಗಾಗಿ ಜನ ಕಾಯುತ್ತಿದ್ದರು. ರಾಜಪಾರ್ಟಿನವನು ಮೂಗು ಜಜ್ಜಿಕೊಂಡದ್ದು ಆ ಮೆಟ್ಟಿಲಿಗೇ. ಆ ಕಥೆಯನ್ನು ಹೇಳಿ ಹತ್ತು ಜನರನ್ನು ನಗಿಸುವಾಗ ಈ ಭಾಗವನ್ನು ಅವನು ಬಿಟ್ಟುಬಿಡುತ್ತಿದ್ದ.

ಸರಿದುಹೋದ ಅಂಚು ಹೆಂಡತಿಯದೇ, ಅದರಲ್ಲಿ ಸಂದೇಹವಿಲ್ಲ. ಬಾಗಿಲೂ ಅವಳದೇ, ಒಂದು ಗೇಣಿನ ಸಂದಿಯೂ ಅವಳದೇ. ಹಾಗಾದರೆ ಕೆಂಪು? ಕೆಂಪು ಎಲ್ಲಿಂದ ಬಂತು? ಕೇಳಿಕೊಂಡ ಕೂಡಲೇ ಗೊತ್ತಾಯಿತು. ರಾಯಲ್ಪಾಡಿನ ಕೆಲಸದ ಮೂರನೆಯ ದಿನ ಅವನು ಕುಡಿಯಲು ನೀರು ಕೇಳಿದ್ದ. ಅಡಿಗೆಮನೆಯ ಹೊಸ್ತಿಲ ಮೇಲೆ ಒಂದು ಚೊಂಬು ಬಂದು ಕೂತಿತು. ಇಟ್ಟ ಕೈ ಹಿಂದಕ್ಕೆ ಹೋಯಿತು. ಅದರ ಹಿಂದೆ ಕೆಂಪು ಅಂಚೊಂದು ಬಾಗಿಲ ಮರೆಗೆ ಸರಿಯಿತು. ಅರೆಗಳಿಗೆ. ಅವನು ನೋಡಿದ್ದು ಅಷ್ಟೇ, ನೋಡಬೇಕೆಂದು ನೋಡಿದ್ದೂ ಅಲ್ಲ. ಆದರೆ ಆ ಅರೆಗಳಿಗೆಯ ಕೆಂಪು ಐದು ವರ್ಷದ ಹುರುಳಿಯನ್ನು ಒರೆಸಿಹಾಕಿ ಆ ಜಾಗದಲ್ಲಿ ಕೂತುಬಿಟ್ಟಿತ್ತು. ಅಲ್ಲಿಂದ ಇಲ್ಲಿಯವರೆಗೆ, ಹೆಂಡತಿಯನ್ನು ನೆನೆಸಿಕೊಂಡಾಗಲೆಲ್ಲ, ಅವನು ಅವಳಿಗೆ ಇನ್ನೊಬ್ಬಳ ಸೀರೆ ಉಡಿಸಿ ನೆನೆಸಿಕೊಂಡಿದ್ದ. ಕೋದಂಡರಾಮಪ್ಪನ ಅನುಮಾನ ಪೂರಾ ಸುಳ್ಳಲ್ಲ. ಅದೇ ದೊಡ್ಡ ಸಂಕಟ. ಸುಳ್ಳಾಗಿದ್ದರೆ ಎದೆಯುಬ್ಬಿಸಿಕೊಂಡು ಹೋಗಬಹುದಿತ್ತು.

ನಿಜ ಹೇಳಿಬಿಟ್ಟರೆ? ಯಜಮಾನ್ರೆ, ಚೊಂಬು ಇಡುವಾಗ ಕಂಡಿತು, ಅಷ್ಟೇ, ಎಂದರೆ? ಅರೆಗಳಿಗೆ ಎಂಬ ಮಾತನ್ನು ಅವನು ನಂಬುತ್ತಾನೆಯೆ? ಆವಲಪ್ಪ ಕೋದಂಡರಾಮಪ್ಪನಾಗಿ ಕೂತು ಯೋಚಿಸಿದ. ನಂಬಲಿಲ್ಲ. ಶನಿವಾರದ ಬೆಳಿಗ್ಗೆ ಮಾಲೂರಿನ ದಾರಿಯಲ್ಲಿ ಪೆಟ್ಟಿಗೆ ಇಟ್ಟುಕೊಂಡು ಕೂತ ಒಬ್ಬ ಹೆಂಗಸು, ಅವಳ ಮುಖ ಹೇಗಿದೆಯೆಂದೂ ಇವನಿಗೆ ಗೊತ್ತಿಲ್ಲ. ಬಾಯಾರಿದವನಿಗೆ ನೀರು ಕೊಟ್ಟದ್ದು ಬಿಟ್ಟು ಅವಳು ಬೇರೇನೂ ಮಾಡಿರಲಿಲ್ಲ. ಒಬ್ಬಳು ಆಗಲೇ ತನ್ನ ಕುಂಚದ ಚಟಕ್ಕೆ ಹೋದಳು, ಇನ್ನೊಬ್ಬಳೂ ಹೋಗಬೇಕೆ?

ಅವನು ಎದ್ದು ಒಳಗಿನಿಂದ ಅಗಣಿ ಹಾಕಿದ. ಸೀರೆಯ ಸೆರಗಿನ ಕಡೆಯ ಒಂದು ಮೊಳ ಅಂಚನ್ನು ಹಲಗೆಯ ಮೇಲೆ ಬಿಗಿಯಾಗಿ ಹಾಸಿದ. ಪರದೆಗೆ ಬಳಸುವ ಅಂಟಿನ ಬಣ್ಣವಾದರೆ ಬೇಗ ಒಣಗುತ್ತದೆ, ಆದರೆ ಮಡಿಸಿದರೆ ಪುಡಿಯಾಗಿ ಉದುರುತ್ತದೆ, ರೇಷ್ಮೆಯ ಮಿಂಚೂ ಬರುವುದಿಲ್ಲ. ಎಣ್ಣೆಯ ಬಣ್ಣವೇ ಆಗಬೇಕು. ಅದು ಒಣಗಲು ಎರಡು ದಿನ ಬೇಕು, ಬಸ್ಸಿಗೆ ಎರಡು ಗಂಟೆಯಿತ್ತು. ಇಂಗಳೀಕದ ಕೆಂಪು ತೇಯ್ದು, ಅಗಸೆ ಎಣ್ಣೆ ಆದಷ್ಟು ಕಡಿಮೆ ಹಾಕಿ, ಟರ್ಪೆಂಟೈನು ಹೆಚ್ಚು ಸುರಿದು, ತೆಳ್ಳಗೆ ಎಳೆಯತೊಡಗಿದ. ಮೊದಲ ಗೆರೆಗೆ ಕುಂಚ ಎರಡು ಸಲ ಹಿಂದಕ್ಕೆ ಬಂತು. ಎರಡನೆಯದಕ್ಕೆ ಬರಲಿಲ್ಲ. ನಾಲ್ಕನೆಯದಕ್ಕೆ, ನಾಚಿಕೆಯಿಲ್ಲದ ಕೈ, ಸಂತೋಷಪಟ್ಟಿತು. ನೂಲಿನ ನೇಯ್ಗೆ ಕಾಣುವ ಹಾಗೆ ಅಲ್ಲಲ್ಲಿ ಬಿಡುವುದು ಹೇಗೆ, ಹುರುಳಿಯನ್ನೇ ನೆರಳಾಗಿ ಬಳಸುವುದು ಹೇಗೆ, ಎಲ್ಲ ತಾನಾಗಿ ಬಂತು. ಮುಗಿದಾಗ ಹೆಂಡತಿಯ ಸೀರೆ ಅವನು ಬರೆದ ಸೀರೆಯ ಹಾಗೇ ಆಗಿತ್ತು. ಕೆಂಡದ ಮೇಲೆ ಹಿಡಿದು ಬಿಸಿ ಮಾಡುತ್ತ, "ತಪ್ಪಾಯ್ತು ಕಣೇ" ಎಂದ. ಐದು ವರ್ಷದ ಹಿಂದೆ ಹೇಳಬೇಕಾಗಿದ್ದ ಮಾತು ಈಗ, ಬೇರೆ ಕಾರಣಕ್ಕೆ, ಹೊರಬಿತ್ತು. ಅದಕ್ಕೇ ಅವನಿಗೆ ಅಳು ಬಂತು.

ಬಣ್ಣ ಬಳಿದ ಮೊಳವನ್ನು ಮೇಲಕ್ಕೆ ಬಿಟ್ಟು, ಮಿಕ್ಕದ್ದನ್ನು ಕೆಳಗೆ ಮಡಿಸಿ, ಬಾಳೆಯೆಲೆಯ ಮೇಲಿಟ್ಟು, ಯಾವುದೂ ತಾಗದಂತೆ ತೊಡೆಯ ಮೇಲೆ ಇಟ್ಟುಕೊಂಡು ಅವನು ಇದ್ದಿಲ ಬಸ್ಸಿನಲ್ಲಿ ಕೂತ. ಪೆಟ್ರೋಲಿಲ್ಲದ ಕಾಲ. ಬಸ್ಸಿನ ಬೆನ್ನಿಗೆ ಕಟ್ಟಿದ ಪೀಪಾಯಿಯಲ್ಲಿ ಇದ್ದಿಲು ಉರಿದು ಹೊಗೆ ಒಳಕ್ಕೆಲ್ಲ ನುಗ್ಗುತ್ತಿತ್ತು. ಎಲ್ಲರೂ ಬೈದರು, ಆವಲಪ್ಪನೊಬ್ಬನೇ ಆ ಹೊಗೆಯನ್ನು ಹರಸಿದ. ಅಗಸೆ ಎಣ್ಣೆಯ ವಾಸನೆ ಅದರಲ್ಲಿ ಮುಚ್ಚಿಹೋಗುತ್ತದಲ್ಲ. ದಿಣ್ಣೆ ಬಂದಾಗ ಕಂಡಕ್ಟರು ಗಂಡಸರೆಲ್ಲ ಇಳಿದು ತಳ್ಳಿ ಎಂದ. ಇವನು ಇಳಿಯಲಿಲ್ಲ. "ಏನ್ಲಾ ಅದು, ಹೆಣ ಇಟ್ಕೊಂಡಂಗೆ ಇಟ್ಕೊಂಡು ಕೂತಿದ್ದೀಯ?" ಎಂದು ಒಬ್ಬ ರೇಗಿದ. ಶ್ರೀನಿವಾಸಪುರದಲ್ಲಿ ಬಸ್ಸು ಬದಲಾಯಿಸುವಾಗ ಒಂದು ನೊಣ ಬಂದು ಅಂಚಿನ ಮೇಲೆ ಕೂತು, ಏಳಲಾರದೆ ಕಾಲು ಒದ್ದಿತು. ಉಸಿರು ಬಿಗಿಹಿಡಿದು ಉಗುರಿನಲ್ಲಿ ಎತ್ತಿಹಾಕಿದ. ಉಗುರಿಗೆ ಕೆಂಪು ಹತ್ತಿತು. ಪಂಚೆಗೆ ಒರೆಸಿದರೆ ಪಂಚೆಗೂ ಹತ್ತೀತೆಂದು ಹಾಗೇ ಬಿಟ್ಟ. ಎದುರು ಕೂತ ಮುದುಕ ತನ್ನ ಉಗುರನ್ನೇ ನೋಡುತ್ತಿದ್ದಾನೆ ಎಂದು ರಾಯಲ್ಪಾಡಿನವರೆಗೂ ಅನ್ನಿಸಿತು. ಇಳಿಯುವಾಗ ನೋಡಿದರೆ ಮುದುಕ ಕುರುಡ.

ನಡುಮನೆಯಲ್ಲಿ ದೊಡ್ಡಮುನಿಯಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಹೆಜ್ಜೆ ಸಪ್ಪಳಕ್ಕೆ "ಎವರ್ರಾ ಅದಿ?" ಎಂದು ತೆಲುಗಿನಲ್ಲಿ, ಯಾರು ಬಂದದ್ದೆಂದು ಕೇಳಿದಳು. ಬಣ್ಣದ ಆವಲಪ್ಪ ಎಂದು ಮಗ ಹೇಳಿದ ಮೇಲೆ, "ಕೂರ್ಚೋ ನಾಯನಾ" ಎಂದು ಪಕ್ಕದ ಚಾಪೆ ತಟ್ಟಿದಳು. ಆ ಒಂದು ಮಾತಿನ ದಯೆಗೆ ಆವಲಪ್ಪ ಚಾಪೆಯ ಕಡೆ ಒಂದು ಹೆಜ್ಜೆ ಇಟ್ಟ. ಕೂತರೆ ಸೀರೆ ಮಡಚಿಕೊಂಡೀತೆಂದು ಕೂರಲಿಲ್ಲ. ಎದುರಿಗೆ ಗೋಡೆಯಲ್ಲಿ ಅವನ ಬಾಗಿಲು ಒಂದು ಗೇಣು ತೆರೆದೇ ನಿಂತಿತ್ತು. ಹೊಸ್ತಿಲಿಗೆ ಅರಿಶಿನ, ಕುಂಕುಮ, ಎರಡು ದಾಸವಾಳ. ಮುದುಕಿ ದಿನವೂ ಪೂಜೆ ಮಾಡಿಸುತ್ತಿರಬೇಕು. ಎಷ್ಟು ಚೆನ್ನಾಗಿ ಬರೆದಿದ್ದೇನೆ ಎಂದು ಮೊದಲು ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಕೋದಂಡರಾಮಪ್ಪ ಆಗಲೇ ಹೆಂಡತಿಯ ಸೀರೆ ತರಿಸಿ ಹೆಗಲ ಮೇಲೆ ಹಾಕಿಕೊಂಡಿದ್ದ. ಅಡಿಗೆಮನೆಯ ಬಾಗಿಲ ಹಿಂದೆ ಬಳೆಗಳ ಸದ್ದು ಒಮ್ಮೆ ಆಗಿ ನಿಂತಿತು.

"ತೆಗಿ."

ಆವಲಪ್ಪ ಕೆಳಗಿನ ಎಲೆ ಸರಿಸಿ, ಸೀರೆಯನ್ನು ಎರಡು ಅಂಗೈಗಳ ಮೇಲೆ ಹಿಡಿದು ಗೋಡೆಯ ಹತ್ತಿರ ನಿಂತ. ಕೋದಂಡರಾಮಪ್ಪ ಹೆಂಡತಿಯ ಸೀರೆಯನ್ನು ಇನ್ನೊಂದು ಪಕ್ಕಕ್ಕೆ ಹಿಡಿದ. ಇದನ್ನು ನೋಡಿದ, ಅದನ್ನು ನೋಡಿದ, ಗೋಡೆಯನ್ನು ನೋಡಿದ. ಮೂರು ಹಸಿರು, ಮೂರು ಕೆಂಪು. ಅವನ ಹಣೆಯ ಗಂಟು ನಿಧಾನವಾಗಿ ಸಡಿಲವಾಗುವುದನ್ನು ಆವಲಪ್ಪ ಪಕ್ಕದಿಂದ ಕಂಡ. ಆ ಗಳಿಗೆಯಲ್ಲಿ ಆ ಮನುಷ್ಯ ಕೆಟ್ಟವನಾಗಿ ಕಾಣಲಿಲ್ಲ, ಹಲ್ಲುನೋವು ನಿಂತವನ ಹಾಗೆ ಕಂಡ. ಆಮೇಲೆ ಕೋದಂಡರಾಮಪ್ಪ ನೇಯ್ಗೆ ನೋಡಲೆಂದು ಕೈ ಚಾಚಿದ.

"ಮುಟ್ಬೇಡಿ ಯಜಮಾನ್ರೆ!" ಎಂದು ಆವಲಪ್ಪ ಹಿಂದಕ್ಕೆ ಸರಿದ. "ಮುತ್ತೈದೆ ಆಗಿ ಹೋದವಳ ಸೀರೆ. ಬೇರೆ ಗಂಡಸರ ಕೈ ತಾಗಬಾರ್ದು ಅಂತ ನಮ್ಮಲ್ಲಿ ಒಂದು ಇದು."

ಆ ಕ್ಷಣದಲ್ಲಿ ಹುಟ್ಟಿಸಿದ ಶಾಸ್ತ್ರ. ಕೋದಂಡರಾಮಪ್ಪ ಕೈ ಹಿಂದಕ್ಕೆ ತೆಗೆದುಕೊಂಡ. ಬಚಾವಾದೆ ಎಂದುಕೊಳ್ಳುವಷ್ಟರಲ್ಲಿ ದೊಡ್ಡಮುನಿಯಮ್ಮ ಕಂಬ ಹಿಡಿದು ಎದ್ದು ನಿಂತಿದ್ದಳು.

"ಮುತ್ತೈದೆ ಸೀರೆ ಮನೆಗೆ ಬಂದೈತೆ ಅಂದ್ರೆ ಸುಮ್ನೆ ನಿಂತಿದ್ದೀರಲ್ರೋ. ಲಕ್ಷ್ಮೀ, ಬಾಮ್ಮಾ ಇಲ್ಲಿ. ಅರಿಶಿನ ಕುಂಕುಮದ ಬಟ್ಲು ತಗೊಂಡ್ ಬಾ. ಅಂಚಿಗೆ ಇಟ್ಟು ಕಳಿಸ್ಬೇಕು. ನಿನ್ಗೂ ಒಳ್ಳೇದಾಗುತ್ತೆ."

"ಬ್ಯಾಡಮ್ಮಾ, ಬಸ್ಸಿಗೆ ಹೊತ್ತಾಗುತ್ತೆ," ಎಂದ ಆವಲಪ್ಪ.

"ಕುಂಕುಮ ಬ್ಯಾಡ ಅನ್ಬಾರ್ದು ನಾಯನಾ."

ರಾಮಲಕ್ಷ್ಮಮ್ಮ ಬಂದಳು. ತಲೆ ತಗ್ಗಿಸಿದ್ದಳು. ಮುಖ ಕಾಣಲಿಲ್ಲ, ಬಟ್ಟಲು ಹಿಡಿದ ಕೈ ಕಂಡಿತು, ಚೊಂಬು ಇಟ್ಟ ಕೈ. ಅರಿಶಿನವನ್ನು ಅವಳು ಒಡಲ ಹಸಿರಿನ ಮೇಲೆ ಇಟ್ಟಳು. ಆಮೇಲೆ ಉಂಗುರದ ಬೆರಳಲ್ಲಿ ಕುಂಕುಮ ತೆಗೆದುಕೊಂಡು ಅಂಚಿಗೆ ಒತ್ತಿದಳು. ಒತ್ತಿದ ಬೆರಳು ಅಂಚಿಗೆ ಅಂಟಿತು. ಒಂದು ಕ್ಷಣ ಅದು ಅಲ್ಲೇ ನಿಂತಿತು. ಮತ್ತೆ ಎತ್ತಿದಾಗ ಬೆರಳ ತುದಿ ಹಸಿ ಕೆಂಪಾಗಿ ಹೊಳೆಯುತ್ತಿತ್ತು. ಅವಳು ಬೆರಳನ್ನು ನೋಡಿದಳು. ಗೋಡೆಯ ಮೇಲಿನ ಅಂಚನ್ನು ನೋಡಿದಳು. ಗಂಡನ ಹೆಗಲ ಮೇಲಿದ್ದ ತನ್ನ ಸೀರೆಯನ್ನು ನೋಡಿದಳು. ಕೊನೆಗೆ, ಮೊಟ್ಟಮೊದಲ ಸಲ, ತಲೆಯೆತ್ತಿ ಆವಲಪ್ಪನ ಮುಖವನ್ನು ನೋಡಿದಳು. ಕೋಪ ಮಾಡಿಕೊಂಡಿದ್ದಾಳೆಂದು ತಿಳಿಯಿತು. ತನ್ನನ್ನು ಇಷ್ಟಕ್ಕೆ ತಂದವನು ಇವನೇ ಎಂದು ಅವಳಿಗೆ ಗೊತ್ತಾಗಿತ್ತು. ಅಷ್ಟರಲ್ಲಿ ಗಂಡ ಒಂದು ಹೆಜ್ಜೆ ಮುಂದೆ ಬಂದ.

ಅವಳು ಆ ಬೆರಳನ್ನು ಎತ್ತಿ, ತನ್ನ ಹಣೆಯ ಕುಂಕುಮದ ಮೇಲೆ, ಒತ್ತಿ, ದುಂಡಗೆ ಇಟ್ಟುಕೊಂಡಳು. ಸೀರೆಗೆ ಕೈಮುಗಿದಳು.

"ಹಂಗೆ," ಎಂದಳು ಮುದುಕಿ, ಬಳೆಯ ಸದ್ದು ಕೇಳಿ. "ಅವಳ ಹೆಸರೇನಪ್ಪಾ?"

"ಆದಿಲಕ್ಷ್ಮಿ," ಎಂದ ಆವಲಪ್ಪ. ಆ ಮನೆಯಲ್ಲಿ ಅವನು ಆಡಿದ ನಿಜವಾದ ಮಾತು ಅದೊಂದೇ.

"ಇವಳೂ ಲಕ್ಷ್ಮೀನೇ. ಕೋದಂಡ, ಆ ಬಾಗ್ಲಲ್ಲಿ ನಿಂತಿರೋಳನ್ನ ಅಳ್ಸೋದು ಗಿಳ್ಸೋದು ಏನೂ ಬ್ಯಾಡ. ಮುತ್ತೈದೆ ನಿಂತಿದ್ರೆ ಮನೆಗೆ ಒಳ್ಳೇದು."

ಕೋದಂಡರಾಮಪ್ಪ ತಲೆಯಾಡಿಸಿದ. ಆದರೆ ಅವನ ಕಣ್ಣು ಈಗ ಆವಲಪ್ಪನ ಕೈಯ ಮೇಲಿತ್ತು. "ಉಗುರಿಗೆ ಏನಯ್ಯಾ ಅದು ಕೆಂಪು?"

ಬಣ್ಣ ಎನ್ನಬೇಕು, ಬಣ್ಣವೆಂದರೆ ಕೆಟ್ಟೆ. ಆಗ ಆವಲಪ್ಪನಿಗೆ ಅದಕ್ಕಿಂತ ದೊಡ್ಡ ಗಂಡಾಂತರ ಕಂಡಿತು. ಅವಳ ಹಣೆ. ಎಣ್ಣೆಯ ಬಣ್ಣ ನೀರಿಗೆ ಹೋಗುವುದಿಲ್ಲ. ನಾಳೆ ಮಿಂದು ಬಂದ ಮೇಲೂ ಅವಳ ಹಣೆಯಲ್ಲಿ ಅದು ಹಾಗೇ ಇರುತ್ತದೆ, ನಾಡಿದ್ದೂ ಇರುತ್ತದೆ, ಅಷ್ಟರೊಳಗೆ ಈ ಮನುಷ್ಯ ಅದನ್ನು ಉಗುರಿನಿಂದ ಕೆರೆದು ನೋಡುತ್ತಾನೆ. ಆವಲಪ್ಪ, ಕೇಳಬೇಕಾದವರಿಗೆ ಕೇಳುವಷ್ಟು ಜೋರಾಗಿ ಹೇಳಿದ.

"ಬೆಳಿಗ್ಗೆ ಎಣ್ಣೆ ಅಂಗಡೀ ಬೋರ್ಡು ಬರೆದೆ ಯಜಮಾನ್ರೆ. ಹಾಳಾದ್ದು, ಎ‍ಷ್ಟು ತೊಳೆದ್ರೂ ನೀರಿಗೆ ಹೋಗಲ್ಲ. ಸೀಮೆಎಣ್ಣೆ ಹಚ್ಚಿ ತಿಕ್ಕಬೇಕು. ಇವತ್ತೇ ತಿಕ್ಕಬೇಕು, ನಾಳೆಗೆ ಬಿಟ್ರೆ ಅದಕ್ಕೂ ಹೋಗಲ್ಲ."

ದಾಯಾದಿಯ ಕೊಟ್ಟಿಗೆಯಲ್ಲಿ, ಬರೆದ ಬೆಳಗಿನ ಹಿಂದೆ, ಎಮ್ಮೆಯೊಂದು ಗೋಡೆಗೆ ಮೈ ಉಜ್ಜಿತು. ರಾಮಲಕ್ಷ್ಮಮ್ಮ ಬಟ್ಟಲು ಎತ್ತಿಕೊಂಡು ಅಡಿಗೆಮನೆಯ ಹೊಸ್ತಿಲವರೆಗೆ ಹೋದವಳು, ಹಿಂದಿರುಗಿ ನೋಡದೆ, ಅತ್ತೆಗೆ ಹೇಳಿದಳು.

"ಅತ್ತೇ, ಲಾಂದ್ರದಲ್ಲಿ ಇನ್ನೂ ಒಂದಿಷ್ಟು ಸೀಮೆಎಣ್ಣೆ ಐತೆ."

"ಇದ್ರೆ ಇರ್ಲಿ ಬಿಡಮ್ಮಾ, ಅದ್ಯಾಕೆ ಈಗ?" ಎಂದಳು ಮುದುಕಿ. ಸೀರೆಯ ಅಂಚು ಬಾಗಿಲ ಮರೆಗೆ ಸರಿಯಿತು. ಆವಲಪ್ಪ ಆ ಕಡೆ ನೋಡಲಿಲ್ಲ. ನೋಡಬಾರದೆಂದು ನೆಲದ ಮೇಲೆ ಕಣ್ಣು ನೆಟ್ಟ. ಕೋದಂಡರಾಮಪ್ಪ ಮಾತ್ರ ನೋಡಿದ. ಖಾಲಿಯಾದ ಹೊಸ್ತಿಲನ್ನೂ ಗೋಡೆಯ ಬಾಗಿಲನ್ನೂ ಸ್ವಲ್ಪ ಹೊತ್ತು ನೋಡಿ, "ಹೊರಡಯ್ಯಾ, ಬಸ್ಸು ತಪ್ಪುತ್ತೆ," ಎಂದ.

ತಿರುಗಿ ಬರುವ ಬಸ್ಸಿನಲ್ಲಿ ಜನ ಕಡಿಮೆಯಿದ್ದರು. ಬಿಸಿಲು ಓರೆಯಾಗಿ ಒಳಗೆ ಬಿದ್ದಿತ್ತು. ಆವಲಪ್ಪ ತೊಡೆಯ ಮೇಲಿನ ಸೀರೆಯನ್ನು ಬಹಳ ಹೊತ್ತು ನೋಡದೆ ಕೂತು, ಆಮೇಲೆ ನೋಡಿದ. ಕೆಂಪು ಅಂಚಿನ ನಡುವೆ, ಅವಳ ಬೆರಳು ಒತ್ತಿ ಎದ್ದ ಕಡೆ, ಬಣ್ಣ ಕಿತ್ತುಬಂದು, ಕೆಳಗಿನ ನಿಜವಾದ ಅಂಚು ಒಂದು ಹುರುಳಿಕಾಳಿನಷ್ಟು ಕಾಣುತ್ತಿತ್ತು. ಆ ಒಂದು ಮೊಳದಲ್ಲಿ ಆದಿಲಕ್ಷ್ಮಿಯದೆಂದು ಇನ್ನು ಉಳಿದದ್ದು ಅಷ್ಟು. ಮುಂದಿನ ಸಾಲಿನಲ್ಲಿ ಕೂತವನು ತಿರುಗಿ ನೋಡಿದ, ಯಾಕೆ ನೋಡಿದನೋ. ರಾಯಲ್ಪಾಡಿನವನೇ ಇರಬಹುದು, ಕೋದಂಡರಾಮಪ್ಪನೇ ಕಳಿಸಿರಬಹುದು. ಆವಲಪ್ಪ ಆ ಜಾಗದ ಮೇಲೆ ಹೆಬ್ಬೆರಳು ಇಟ್ಟ. ಮುಳಬಾಗಿಲು ಬರುವವರೆಗೂ ತೆಗೆಯಲಿಲ್ಲ.